ಪೆಟ್ರೋಲ್ ಟ್ರ್ಯಾಕ್ಟರಿನ ದಿಬ್ಬಣ

ಮಗಳ ಮದುವೆಯ ದಿಬ್ಬಣವನ್ನು ಟ್ರ್ಯಾಕ್ಟರಿನಲ್ಲಿ ಹೊರಡಿಸುವ ಮಹದಾಲೋಚನೆ ಬೇಬಿಯದ್ದಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು, ಏಕೆಂದರೆ ಮಟ್ಟುವಿನ ಮನೆಮನೆಯಲ್ಲೂ ಬೇಬಿ ಅದನ್ನು ಸ್ಪಷ್ಟಪಡಿಸಿಯಾಗಿತ್ತು. ಆಲೋಚನೆ ಅವಳ ಗಂಡ ಸರ್ವೋತ್ತಮನದ್ದು.

"ಈಗಿನ ಮದುಮಗಳಂದಿರು ಬುಲೆಟ್‌ನಲ್ಲಿ ಬರುತ್ತಾರೆ, ಜೀಪಿನಲ್ಲಿ ಬರುತ್ತಾರೆ. ನನ್ನ ದೀಕ್ಷಿತಾ ಟ್ರ್ಯಾಕ್ಟರಿನಲ್ಲಿ ಹೋದರೆ ಎಂತ?"

"ಹೋದರೆ ಎಂತದ್ದೂ ಇಲ್ಲ. ದಾರಿಯಲ್ಲಿ ನಿಂತರೆ?"

ಈಚೆಗೆ ನಿಲ್ಲುವುದರಲ್ಲಿ ಆ ಟ್ರ್ಯಾಕ್ಟರಿಗೆ ದೊಡ್ಡ ಹೆಸರಿತ್ತು. ಅದು ಕಾಪುವಿನ ಪಾಸ್ಕಲ್‌ನ ತಂದೆಯ ಕಾಲದ್ದು. ಊರಿನ ಉಳಿದ ಟ್ರ್ಯಾಕ್ಟರುಗಳೆಲ್ಲ ಡೀಸೆಲ್ ಕುಡಿದು ತೃಪ್ತಿಯಿಂದಿರುವಾಗ ಇದು ಮಾತ್ರ ಪೆಟ್ರೋಲ್ ಕುಡಿಯುವ ರಾಜವಂಶಸ್ಥ. ಪಾಸ್ಕಲ್‌ನ ಹೆಂಡತಿ ಲಿಡ್ವಿನ್‌ಗೆ ಆಂಥೂರಿಯಂ ಹೂ ಬೆಳೆಸಲು ಅದು ನಿಂತಿದ್ದ ಶೆಡ್ ಬೇಕಾಯಿತು. "ಒಂದೋ ಅದು ಇರಲಿ, ಇಲ್ಲವೇ ನಾನು" ಎಂದಳಂತೆ. ಪಾಸ್ಕಲ್ ಸ್ವಲ್ಪ ಹೊತ್ತು ಯೋಚಿಸಿದ (ಆ ಸ್ವಲ್ಪ ಹೊತ್ತನ್ನು ಲಿಡ್ವಿನ್ ಇನ್ನೂ ಕ್ಷಮಿಸಿಲ್ಲ), ಆಮೇಲೆ ಟ್ರ್ಯಾಕ್ಟರನ್ನು ಗೆಳೆಯ ಸರ್ವೋತ್ತಮನಿಗೆ ದಾನ ಮಾಡಿದ.

ಸರ್ವೋತ್ತಮನ ಮನೆ ಸೇರಿದ ಮೇಲೆ ಅದಕ್ಕೆ ಬಂದ ಕಾಯಿಲೆ ವಿಚಿತ್ರ. ಹ್ಯಾಂಡಲ್ ತಿರುಗಿಸಿದ ಕೂಡಲೇ ಎದ್ದು ಗರ್ಜಿಸುತ್ತದೆ. ಹತ್ತು ನಿಮಿಷ ಓಡುತ್ತದೆ. ಬಳಿಕ ಕೆಮ್ಮಿ, ಸೀನಿ, ಕಣ್ಮುಚ್ಚುತ್ತದೆ. ಇಳಿದು ಅಲ್ಲಿಲ್ಲಿ ಮುಟ್ಟಿ ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಏಳುತ್ತದೆ.

ಬೇಬಿ ರಸಾಯನಶಾಸ್ತ್ರದ ಬಿ.ಎಸ್ಸಿ. ಮದುವೆಗೆ ಮುಂಚೆ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಅಲ್ಲಿ ಅವಳು ಕಲಿತ ಪರಮತತ್ತ್ವ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಸಾರು ಕೆಟ್ಟರೂ ಉಪ್ಪು, ಹುಳಿ, ಖಾರಗಳನ್ನು ಒಂದೊಂದಾಗಿ ವಿಚಾರಣೆಗೆ ಕರೆಯುತ್ತಿದ್ದಳು (ಅಷ್ಟರಲ್ಲಿ ಮನೆಯವರು ಮೊಸರು ಕಲಸಿಕೊಂಡು ಎದ್ದಿರುತ್ತಿದ್ದರು). ಗಂಡ ಟ್ರ್ಯಾಕ್ಟರಿನ ಎಲ್ಲ ಭಾಗಗಳನ್ನೂ ಒಟ್ಟಿಗೇ ಬಿಚ್ಚಲು ಹೊರಟಾಗ ಅವಳಿಗೆ ನೋಡುತ್ತ ಕೂರಲಾಗಲಿಲ್ಲ.

"ಸ್ಪ್ಯಾನರ್ ಕೆಳಗಿಡಿ. ಕ್ರಮದಲ್ಲಿ ಹೋಗುವಾ."

ಕ್ರಮದಲ್ಲಿ ಹೋದರು. ಮೊದಲ ಆರೋಪಿ ಹಳೆಯ ಪೆಟ್ರೋಲ್. ಅದನ್ನು ಖಾಲಿ ಮಾಡಿ ಹೊಸತು ತುಂಬಿಸಿದರು. ಹತ್ತು ನಿಮಿಷಕ್ಕೆ ನಿಂತಿತು. ಎರಡನೆಯ ಆರೋಪಿ ನೀರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ನಮ್ಮ ಕಡಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ ಎಂದು ಬೇಬಿ ಉಪನ್ಯಾಸ ಕೊಟ್ಟು, ಜಾಮ್ ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು ಬೆಳಗಿನವರೆಗೆ ಇಟ್ಟಳು. ತಳದಲ್ಲಿ ಒಂದು ಹನಿ ನೀರೂ ಇಳಿಯಲಿಲ್ಲ. ಮೂರನೆಯದು ಫಿಲ್ಟರ್. ಅದರಲ್ಲಿ ತುಕ್ಕು ಸಿಕ್ಕಿತು. "ನೋಡಿದಿರಾ!" ಎಂದಳು. ತೊಳೆದು ಹಾಕಿದರು. ಹತ್ತು ನಿಮಿಷಕ್ಕೆ ನಿಂತಿತು.

ಪ್ರತಿ ಸಲ ನಿಂತಾಗಲೂ ಸರ್ವೋತ್ತಮ ಟ್ಯಾಂಕಿನ ಮುಚ್ಚಳ ತೆಗೆದು, ಬಾವಿಗೆ ಬಗ್ಗಿದವನಂತೆ ಬಗ್ಗಿ, "ಪೆಟ್ರೋಲ್ ಉಂಟು" ಎಂದು ಘೋಷಿಸಿ ಮುಚ್ಚುತ್ತಿದ್ದ. ಆಮೇಲೆ ಟ್ರ್ಯಾಕ್ಟರ್ ಹೊರಡುತ್ತಿತ್ತು.

ಟ್ರ್ಯಾಕ್ಟರ್ ಮನೆಗೆ ಬಂದ ಮರುದಿನದಿಂದಲೇ ಬೇಬಿಯ ಅತ್ತೆ ಸುಂದರಿಯಮ್ಮನ ಉಪಚಾರವೂ ನಡೆದಿತ್ತು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಸ್ಕೂಟರಿಗೆ, ಗ್ರೈಂಡರಿಗೆ, ಪಂಪಿಗೆ ಗಂಧದ ಬೊಟ್ಟಿಡುವುದು ಆ ಮನೆಯ ಪದ್ಧತಿ. "ಪಾಪ, ಅದಕ್ಕೂ ಒಂದು ಇಡು ಬೇಬಿ" ಎಂದರು. ಬೇಬಿಗೆ ಬೊಟ್ಟಿನಲ್ಲಿ ನಂಬಿಕೆ ಅರ್ಧ, ಅತ್ತೆಯ ಮಾತಿನಲ್ಲಿ ಪೂರ್ತಿ (ಮನೆ ನಡೆಯಬೇಕಲ್ಲ). ಟ್ರ್ಯಾಕ್ಟರಿನ ಬಾನೆಟ್ಟಿನ ನಡುವೆ ಟ್ಯಾಂಕಿನ ಗುಂಡು ಮುಚ್ಚಳ ಹಣೆಯ ಹಾಗೆ ಹೊಳೆಯುತ್ತಿತ್ತು. ಅದರ ನಟ್ಟನಡುವೆ ಬೊಟ್ಟಿಟ್ಟಳು. ನಿನ್ನೆಯದರ ಮೇಲೆ ಇವತ್ತಿನದು, ಅದರ ಮೇಲೆ ನಾಳೆಯದು. ಟ್ರ್ಯಾಕ್ಟರ್ ನಿಂತ ಸುದ್ದಿ ಬಂದಾಗಲೆಲ್ಲ ಅತ್ತೆ, "ಬೊಟ್ಟು ಸಣ್ಣದಾಯಿತೋ ಏನೋ" ಎನ್ನುತ್ತಿದ್ದರು. ಬೇಬಿ ದೊಡ್ಡದು ಮಾಡಿದಳು.

ಕೊನೆಯ ಆರೋಪಿ ಕಾರ್ಬುರೇಟರ್. ಪಾಸ್ಕಲ್ ಬಂದು ಅದನ್ನು ಬಿಚ್ಚಿ, ಊದಿ, ಉಜ್ಜಿ ಜೋಡಿಸಿದ. ಪರೀಕ್ಷೆಗೆ ಹೊರಡುವ ಗಡಿಬಿಡಿಯಲ್ಲಿ ಸರ್ವೋತ್ತಮ ಟ್ಯಾಂಕಿನ ಮುಚ್ಚಳವನ್ನು ಜಗಲಿಯಲ್ಲೇ ಮರೆತು, ಟ್ಯಾಂಕಿನ ಬಾಯಿಗೆ ಒಂದು ತೆಂಗಿನ ಗೆರಟೆ ಕವುಚಿ ಹೋದ. ಟ್ರ್ಯಾಕ್ಟರ್ ಒಂದು ಸಲವೂ ಕೆಮ್ಮದೆ ಮದುವೆಯ ಹಾಲ್ ಇರುವ ಕಟಪಾಡಿಗೆ ಹೋಗಿ ತಿರುಗಿ ಬಂತು!

"ಬೇಬಿಯಕ್ಕ, ಗೆರಟೆಯೂ ಒಂದು ಬದಲಾವಣೆ ಅಲ್ವಾ?" ಎಂದು ಪಾಸ್ಕಲ್ ತಮಾಷೆ ಮಾಡಿದ.

"ಮುಚ್ಚಳಕ್ಕೂ ಇಂಜಿನ್ನಿಗೂ ಎಂತ ಸಂಬಂಧ ಪಾಸ್ಕಲ್ ಪೊರ್ಬುಗಳೇ? ಕಾರ್ಬುರೇಟರೇ ಕಳ್ಳ. ಸಿಕ್ಕಿಬಿದ್ದ." ಬೇಬಿ ಮಗಳ ಕಡೆ ತಿರುಗಿದಳು. "ಟ್ರ್ಯಾಕ್ಟರಿನಲ್ಲೇ ಹೋಗುವಾ. ಅಪ್ಪನ ಮಾತಿಗಲ್ಲ, ನನ್ನ ಗ್ಯಾರಂಟಿ."

ಮದುವೆಯ ಬೆಳಿಗ್ಗೆ ಟ್ರ್ಯಾಕ್ಟರ್ ಸೇವಂತಿಗೆಯಲ್ಲಿ ಮುಳುಗಿತ್ತು. ಹಿಂದಿನ ಟ್ರೈಲರಿನಲ್ಲಿ ಕುರ್ಚಿ ಹಾಕಿ, ಜಡೆಯ ತುಂಬ ಮಲ್ಲಿಗೆ ಮುಡಿದ ದೀಕ್ಷಿತಾಳನ್ನು ಕೂರಿಸಿದರು. ಪಕ್ಕದಲ್ಲಿ ಬೇಬಿ, ಸುಂದರಿಯಮ್ಮ, ಪಾಸ್ಕಲ್. ಹೊರಡುವ ಮುಂಚೆ ಬೇಬಿ ಮುಚ್ಚಳಕ್ಕೆ ರೂಪಾಯಿಯಗಲದ ಬೊಟ್ಟಿಟ್ಟಳು. ಮಗಳ ಮದುವೆ, ಕಂಜೂಸುತನ ಸಲ್ಲದು. ಸರ್ವೋತ್ತಮ ರೇಷ್ಮೆ ಅಂಗಿಯಲ್ಲಿ ಸ್ಟಿಯರಿಂಗ್ ಹಿಡಿದು ಚಕ್ರವರ್ತಿಯಂತೆ ಕುಳಿತ. ಮುಂದೆ ವಾಲಗ, ಹಿಂದೆ ಎರಡು ಬಸ್ಸು, ಕಾರುಗಳ ಸಾಲು.

ಕಿರಿದಾದ ಸೇತುವೆಯ ನಡುಮಧ್ಯೆ ಟ್ರ್ಯಾಕ್ಟರ್ ಕೆಮ್ಮಿತು. ಸೀನಿತು. ನಿಂತಿತು.

ಹಿಂದಿನ ಬಸ್ಸು ಮುಂದೆ ಬರುವಂತಿಲ್ಲ, ಕಾರು ದಾಟುವಂತಿಲ್ಲ. ವಾಲಗದವರು ಮಾತ್ರ ಇದೊಂದು ಶಾಸ್ತ್ರವಿರಬೇಕೆಂದು ನಿಂತಲ್ಲೇ ಜೋರಾಗಿ ಊದಿದರು. ಬೇಬಿಯ ಫೋನ್ ಬಡಿದುಕೊಂಡಿತು. ಹುಡುಗನ ತಾಯಿ ಗುಣವತಿ.

"ಎಲ್ಲಿಗೆ ಮುಟ್ಟಿದಿರಿ? ಭಟ್ಟರು ಕೇಳ್ತಾ ಇದ್ದಾರೆ. ಮುಹೂರ್ತ ಹತ್ತಿರ ಬಂತಲ್ಲ."

"ಇಲ್ಲೇ... ಬಂದೆವು" ಎಂದಳು ಬೇಬಿ, ಹೊಳೆಯ ಮೇಲಿನಿಂದ.

"ಅಮ್ಮ, ನೀನು ಗ್ಯಾರಂಟಿ ಅಂದದ್ದಲ್ವಾ?" ದೀಕ್ಷಿತಾಳ ಕಣ್ಣಂಚಿನ ಕಾಡಿಗೆ ಕರಗಲು ಸಿದ್ಧವಾಗಿತ್ತು.

"ಕಾರ್ಬುರೇಟರ್ ಬಿಚ್ಚುವಾ" ಎಂದು ಪಾಸ್ಕಲ್ ಕೋಟು ಕಳಚಿದ. ಸರ್ವೋತ್ತಮ ತೋಳು ಮಡಚಿದ.

"ರೇಷ್ಮೆ ಅಂಗಿ! ಮುಟ್ಟಿದರೆ ನೋಡಿ ಮತ್ತೆ!" ಎಂದು ಬೇಬಿ ಟ್ರೈಲರಿನಿಂದ ಇಳಿದು, ಸೀರೆ ಸಿಕ್ಕಿಸಿಕೊಂಡು ತಾನೇ ಟ್ರ್ಯಾಕ್ಟರ್ ಏರಿದಳು. ಕ್ರಮದಲ್ಲಿ ಹೋಗಬೇಕಲ್ಲ, ಮೊದಲು ಪೆಟ್ರೋಲ್ ಉಂಟೋ ಎಂದು ಮುಚ್ಚಳ ತಿರುಗಿಸಿದಳು. ಬಿಗಿಯಾಗಿತ್ತು. ಬಲ ಹಾಕಿ ಎಳೆದಾಗ ಟ್ಯಾಂಕು "ಸುಂಯ್ಯ್" ಎಂದು ದೀರ್ಘವಾಗಿ ಉಸಿರೆಳೆದುಕೊಂಡಿತು.

ಬೇಬಿಯ ಕೈ ಅಲ್ಲೇ ನಿಂತಿತು. (ಈ ಶಬ್ದ ದಿನಾಲೂ ಆಗುತ್ತಿದ್ದಿರಬೇಕು. ಆದರೆ ಸರ್ವೋತ್ತಮ ಮುಚ್ಚಳ ತೆಗೆಯುವಾಗಲೆಲ್ಲ ಬೇಬಿ ಮಾತಾಡುತ್ತಿದ್ದಳು.) ಪೆಟ್ರೋಲ್ ಹೊರಗೆ ಹೋಗಬೇಕಾದರೆ ಅದರ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಗಾಳಿ ಬರಲು ಮುಚ್ಚಳದಲ್ಲಿ ಒಂದು ತೂತು ಇರಲೇಬೇಕು. ಮುಚ್ಚಳ ತಿರುಗಿಸಿ ನೋಡಿದಳು. ಅಡಿಯಿಂದ ತೂತಿತ್ತು. ಮೇಲಿನಿಂದ ಗಂಧವಿತ್ತು, ಪದರದ ಮೇಲೆ ಪದರ, ಮುರಕಲ್ಲಿನ ಹಾಗೆ ಗಟ್ಟಿಯಾಗಿ. ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕೆಂದು ತಾನು ನಿಷ್ಠೆಯಿಂದ ಕಾಪಾಡಿಕೊಂಡು ಬಂದದ್ದು ಇದನ್ನೇ!

ಅವಳು ಇಳಿದು ಟ್ರೈಲರಿನ ಬಳಿ ಬಂದು ಮಗಳ ಜಡೆಯಿಂದ ಒಂದು ಪಿನ್ ಎಳೆದಳು.

"ಅಮ್ಮಾ, ಜಡೆ!"

"ಜಡೆ ಇರಲಿ, ಹಾಲ್ ಮುಟ್ಟುವಾ."

ತೂತು ಬಿಡಿಸಿ, ಗಂಧವನ್ನೆಲ್ಲ ಉಜ್ಜಿ ತೆಗೆದು ಮುಚ್ಚಳ ಹಾಕಿದಳು. ಪಾಸ್ಕಲ್ ಹ್ಯಾಂಡಲ್ ತಿರುಗಿಸಿದ. ಟ್ರ್ಯಾಕ್ಟರ್ ಗರ್ಜಿಸಿತು, ಮತ್ತೆ ನಿಲ್ಲುವ ಮಾತೇ ಆಡದೆ ಕಟಪಾಡಿ ಮುಟ್ಟಿತು. ಧಾರೆ ಮುಹೂರ್ತಕ್ಕೆ ಸರಿಯಾಗಿ ನಡೆಯಿತು. ಅಕ್ಷತೆ ಹಾಕುವಾಗ ಬೇಬಿ ಗಂಡನ ಕಿವಿಯಲ್ಲಿ ಸತ್ಯವನ್ನು ಹೇಳಿದಳು. ಸರ್ವೋತ್ತಮನ ಮುಖ ಮದುಮಗನದ್ದಕ್ಕಿಂತ ಹೆಚ್ಚು ಬೆಳಗಿತು.

"ಯಾರಿಗೂ ಹೇಳುವುದಿಲ್ಲ ಮಾರಾಯ್ತಿ" ಎಂದ.

ಅವನು ಹೇಳಲಿಲ್ಲ. ಆದರೆ ಊಟವಾದ ಮೇಲೆ ಬೀಗರು, ಹುಡುಗನ ತಂದೆ, ತಾವೇ ಬಂದರು. ಮಣಿಪಾಲದಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತರಾದವರು. "ಸೇತುವೆ ಮೇಲೆ ಫಾಲ್ಟ್ ಕಂಡುಹಿಡಿದದ್ದು ನೀವಂತೆ?"

"ಅವಳೇ. ಬಿ.ಎಸ್ಸಿ.!" ಎಂದ ಸರ್ವೋತ್ತಮ. "ಕ್ರಮದಲ್ಲಿ ವಿವರಿಸುತ್ತಾಳೆ, ಕೇಳಿ."

ಬೇಬಿ ಗಂಡನನ್ನು ದುರುಗುಟ್ಟಿ ನೋಡಿ, ಗಾಳಿ, ತೂತು, ನಿರ್ವಾತ ಎಲ್ಲವನ್ನೂ ವಿವರಿಸಿದಳು. ಗುಣವತಿಯೂ ಬಂದು ನಿಂತರು.

"ಭಾರೀ ಒಳ್ಳೆಯದು!" ಎಂದರು ಬೀಗರು. "ತೂತಿನಲ್ಲಿ ಎಂತ ಇತ್ತು?"

"ಎಂತದೋ ಒಂದು... ಸಾವಯವ ಪದಾರ್ಥ."

"ಅಂದರೆ?"

"ಗಂಧ" ಎಂದಳು ಬೇಬಿ ಸಣ್ಣ ಸ್ವರದಲ್ಲಿ.

"ಟ್ಯಾಂಕಿಗೆ ಗಂಧ ಹಚ್ಚಿದವರು ಯಾರು?"

"ನಮ್ಮ ಬೇಬಿಯೇ!" ಸುಂದರಿಯಮ್ಮ ಹೆಮ್ಮೆಯಿಂದ ಮುಂದೆ ಬಂದರು. "ಒಂದು ದಿನ ತಪ್ಪಿಸಿದವಳಲ್ಲ. ನಿಂತಷ್ಟೂ ದೊಡ್ಡದು ಹಚ್ಚುತ್ತಿದ್ದಳು. ಅಷ್ಟು ಭಕ್ತಿ!"

ಬೀಗರು ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅಲುಗಾಡತೊಡಗಿದರು. ಆದರೆ ಗುಣವತಿಯ ಕಣ್ಣು ತುಂಬಿಬಂತು. "ಇಂಥ ಮನೆಯ ಹೆಣ್ಣು ಸಿಕ್ಕಿದ್ದು ನಮ್ಮ ಪುಣ್ಯ. ಮದುಮಕ್ಕಳನ್ನು ಕಾರ್ಕಳದ ಮನೆಗೆ ಕರೆದುಕೊಂಡು ಹೋಗುವ ನಮ್ಮ ಹೊಸ ಕಾರಿಗೂ ನಿಮ್ಮ ಕೈಯಿಂದಲೇ ಒಂದು ಬೊಟ್ಟು ಆಗಬೇಕು."

ಗಂಧದ ಬಟ್ಟಲು ಕೈಗೆ ಬಂತು. ಬೇಬಿ ಕಾರಿನ ಎದುರು ನಿಂತಳು. ಎಲ್ಲಿ ಇಡುವುದು? ಮುಂದುಗಡೆ ಗಾಳಿ ಹೋಗುವ ಸಂದುಗಳು. ಬಾಗಿಲಲ್ಲಿ ಕೀಲಿಯ ತೂತು. ಹಿಂದೆ ಬಂಪರಿನಲ್ಲಿ ಏನೇನೋ ಗುಂಡು ಗುಂಡು ಕಣ್ಣುಗಳು. ಅವಳು ತಲೆ ಬಗ್ಗಿಸಿ, ಒಂದೊಂದು ಅಂಗುಲವನ್ನೂ ಪರೀಕ್ಷಿಸುತ್ತ ಕಾರಿಗೆ ಒಂದು ಸುತ್ತು ಬಂದಳು. ಖಾತ್ರಿಯಾಗಲಿಲ್ಲ. ಇನ್ನೊಂದು ಸುತ್ತು ಹೊರಟಳು. ತಿರುಗಿ ನೋಡಿದರೆ ಬೆನ್ನ ಹಿಂದೆ ಗುಣವತಿ ಕೈಮುಗಿದುಕೊಂಡು ಬರುತ್ತಿದ್ದರು. ಅವರ ಹಿಂದೆ ಸುಂದರಿಯಮ್ಮ, ಅವರ ಹಿಂದೆ ಬೂಟು ಕಳಚಿಟ್ಟ ಪಾಸ್ಕಲ್, ಎಲ್ಲರಿಗಿಂತ ಹಿಂದೆ, ಪರಮಭಕ್ತಿಯ ಮುಖ ಹೊತ್ತು, ಸರ್ವೋತ್ತಮ.

ಮೂರನೆಯ ಸುತ್ತಿಗೆ ವಾಲಗದವರೂ ಸೇರಿಕೊಂಡರು.