ಕಂಪನಿಯ ರಾಣಿ, ನಮ್ಮ ಮನೆಯ ಕಾಕಾ

ನನ್ನ ಗಂಡನ ಕಾಕಾ ಲೆಕ್ಕವಿಲ್ಲದಷ್ಟು ಸಾರಿ ಮದುವೆಯಾದವರು. ಆದರೆ ಒಂದು ಸಾರಿಯೂ ವರನಾಗಿ ಅಲ್ಲ!

ಗಾಬರಿಯಾಗಬೇಡಿ. ಕಾಕಾ ನಾಟಕ ಕಂಪನಿಯಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದರು. ಅದೂ ಅಂಥಿಂಥ ಪಾತ್ರವಲ್ಲ, ರಾಣಿಯದೇ ಆಗಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿ ಕಂಪನಿಯ ತಗಡಿನ ಥಿಯೇಟರು ಎದ್ದರೂ ಅಲ್ಲಿ ವಾರಕ್ಕೆ ಮೂರು ಸಾರಿಯಾದರೂ ಅವರ ಕೊರಳಿಗೆ ತಾಳಿ ಬೀಳುತ್ತಿತ್ತು. ನಾನು ಕುಕನೂರಿಗೆ ಸೊಸೆಯಾಗಿ ಬಂದಾಗ ದೂರದಲ್ಲೆಲ್ಲೋ ಯುದ್ಧ ನಡೆದಿತ್ತು, ಊರಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕಾಕಾ ಕಂಪನಿ ಬಿಟ್ಟು ಮನೆ ಸೇರಿ ಒಂದು ವರ್ಷವಾಗಿತ್ತು. ನಲವತ್ತರ ಹತ್ತಿರದ ವಯಸ್ಸು, ಈಚೆಗೆ ಬಂದ ಸಣ್ಣ ಹೊಟ್ಟೆ, ಬೆನ್ನು ಮುಟ್ಟುವ ಕೂದಲು.

ನಾನು ಮೊದಲ ದಿನ ಬಾವಿಯಿಂದ ನೀರು ತರುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಕಾಕಾ ಥಟ್ಟನೆ ಎದ್ದು ನಿಂತರು.

"ನಿಲ್ಲವಾ, ನಿಲ್ಲು! ಕೊಡ ಹೊತ್ತಾಕಿ ಹಿಂಗ ದಬದಬ ನಡೀತಾಳೇನು? ಸಿಪಾಯಿ ಹೊಂಟಂಗ ಹೊಂಟಿಯಲ್ಲ! ತಾ ಇಲ್ಲೆ."

ಕೊಡ ಕಸಿದುಕೊಂಡು ತಮ್ಮ ಸೊಂಟಕ್ಕೇರಿಸಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರು. ಒಂದು ಹನಿ ತುಳುಕಲಿಲ್ಲ! ನಾನು ಹುಟ್ಟಾ ಹೆಣ್ಣು, ಹದಿನೇಳು ವರ್ಷದಿಂದ ಒಂದು ದಿನವೂ ತಪ್ಪದೆ ಹೆಣ್ಣಾಗಿಯೇ ಇದ್ದವಳು. ಆದರೂ ಆ ನಡಿಗೆ ನೋಡಿ ನನ್ನ ಮೇಲೆ ನನಗೇ ಅನುಮಾನ ಬಂತು. ಅಡುಗೆಮನೆಯಿಂದ ಅತ್ತೆ ಕೂಗಿದರು:

"ಮನಸ್ಸಿಗೆ ಹಚಗೋಬ್ಯಾಡವಾ. ನನಗೂ ಹಂಗ ಅಂದಿದ್ದ. 'ಅಷ್ಟು ಛಲೋ ಹೊರತಿದ್ರ ದಿನಾ ನೀನ ತಂದು ಹಾಕು ಮೈದುನಪ್ಪಾ' ಅಂದೆ. ಅವತ್ತಿಂದ ನನ್ನ ನಡಿಗಿ ಅವಗ ಭಾಳ ಚಂದ ಕಾಣಾಕ ಹತ್ತೇತಿ!"

ಈ ಮನೆಗೆ ನಾನು ಸೊಸೆಯಾದದ್ದೂ ಕಾಕಾನ ಸೀರೆಯ ಪುಣ್ಯದಿಂದಲೇ. ನಮ್ಮ ತವರು ಗಂಗಾವತಿ. ಅವರ ಕಂಪನಿ ಅಲ್ಲಿಗೆ ಬಂದಾಗ ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ನಾಟಕದಲ್ಲಿ ರಾಣಿ ಕಾಡುಪಾಲಾದದ್ದನ್ನು ನೋಡಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಮೂರನೆಯ ದಿನದ ಆಟ ಶುರುವಾಗುವ ಮೊದಲೇ ಅರಿಶಿನ, ಕುಂಕುಮ, ಖಣ, ಅಕ್ಕಿ ಕಟ್ಟಿಕೊಂಡು ಥಿಯೇಟರಿನ ಹಿಂಬಾಗಿಲಿಗೆ ಹೋಗಿ ಬಣ್ಣ ಹಚ್ಚಿ ಕೂತಿದ್ದ ರಾಣಿಗೆ ಉಡಿ ತುಂಬಿಯೇಬಿಟ್ಟಳು. ಬಾಯಿ ತೆರೆದರೆ ಗಂಡುದನಿ ಬಯಲಾಗುತ್ತದಲ್ಲ? ಕಾಕಾ ಮಾತಿಲ್ಲದೆ ಸೆರಗೊಡ್ಡಿದರು. ಮರುದಿನ ಬೆಳಿಗ್ಗೆ ಊರ ಅಗಸೆಬಾಗಿಲ ಬಳಿ ಹಜಾಮನ ಮುಂದೆ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದ ಅದೇ ಮುಖ ದೊಡ್ಡವ್ವನ ಕಣ್ಣಿಗೆ ಬಿತ್ತು!

"ಯವ್ವಾ! ನಮ್ಮ ರಾಣೀಗೆ ಗಡ್ಡ!"

ಕಾಕಾ ಸಾಬೂನಿನ ನೊರೆಯಲ್ಲೇ ಎದ್ದು ಕೈ ಮುಗಿದು, "ತಪ್ಪಾತ್ರಿ ಅಕ್ಕಾರ. ಖಣ, ಅಕ್ಕಿ ಎರಡೂ ಹಂಗ ಅದಾವ, ಒಯ್ದುಬಿಡ್ರಿ" ಅಂದರು.

ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟು ಒಂದು ಕ್ಷಣ ಯೋಚಿಸಿದಳಂತೆ. "ಉಡಿ ತುಂಬಿದ್ದು ತಿರುಗಿ ಇಸಗೊಳ್ಳೂದೈತೇನು? ಅಕ್ಕಾರ ಅಂದಿಯಲ್ಲ, ಇವತ್ತಿಂದ ನೀ ನನ್ನ ತಂಗಿ!" ಆಮೇಲೆ ಪ್ರತಿ ನಾಗರಪಂಚಮಿಗೂ ಕುಕನೂರಿಗೆ ಉಂಡಿಯ ಜೊತೆ ಒಂದು ಕುಬಸದ ಖಣ ಬರತೊಡಗಿತು. ಹಾಗೆ ಬೆಳೆದ ನೆಂಟಸ್ತಿಕೆಯಲ್ಲಿ ನನ್ನ ಮದುವೆ ಕೂಡಿತು.

ಆ ಕಾಲದ ಕಂಪನಿ ನಟರೆಲ್ಲ ಹೀಗೆಯೇ ಇದ್ದರೋ ಏನೋ! ಕಾಕಾ, ಅವರ ನಾಟಕದ ರಾಜ, ರಾಕ್ಷಸ, ಮೂವರೂ ಒಂದೇ ವಾರಗೆಯವರು, ಒಂದೇ ವರ್ಷ ಕಂಪನಿ ಸೇರಿದವರು. ರಾಕ್ಷಸನ ಆರ್ಭಟಕ್ಕೆ ತೊಡೆಯ ಮೇಲಿನ ಕೂಸುಗಳು ಕಿಟಾರನೆ ಕಿರುಚುತ್ತಿದ್ದವಂತೆ. ಟಾಕೀಸುಗಳು ಬಂದು ಕಂಪನಿ ಬಡವಾದ ಮೇಲೆ ಆತ ಕುಷ್ಟಗಿಯಲ್ಲಿ ಸಾಲಿ ಮಾಸ್ತರನಾದ. ಅಲ್ಲಿ ಒಂದು ಹುಡುಗನೂ ಅವನಿಗೆ ಹೆದರಲಿಲ್ಲ! ರಾಜನಾಗುತ್ತಿದ್ದವರು ಕೊಪ್ಪಳದ ಸಾಹೇಬರು. ಅವರು ಟಾಂಗಾ ಇಟ್ಟರು. ಕುದುರೆ ನಿಂತುಬಿಟ್ಟರೆ ಚಾವಟಿ ಎತ್ತದೆ ಎದೆಯುಬ್ಬಿಸಿ, "ಎಲೈ ಅಶ್ವವೇ, ನಮ್ಮ ಆಜ್ಞೆಯನ್ನು ಮೀರುವೆಯಾ?" ಎಂದು ಗರ್ಜಿಸುತ್ತಿದ್ದರು. ಕುದುರೆ ಮೀರುತ್ತಿತ್ತು.

ಕಾಕಾ ಕಂಪನಿ ಬಿಟ್ಟದ್ದು ಮಾತ್ರ ಸಿಟ್ಟಿನಿಂದ. ಕುಷ್ಟಗಿ ಕ್ಯಾಂಪಿನಲ್ಲಿ ಮಾಲೀಕರು ಒಬ್ಬ ಹುಡುಗಿಯನ್ನು ಕರೆತಂದು ನಿಲ್ಲಿಸಿದರು. ಖರೇ ಹುಡುಗಿ! ಟಾಕೀಸಿನ ಪರದೆಯ ಮೇಲೆ ನಿಜವಾದ ಹೆಂಗಸರನ್ನು ಕಂಡ ಜನಕ್ಕೆ ಸೀರೆಯುಟ್ಟ ಗಂಡಸರು ಸಾಕಾಗಿದ್ದರು.

"ಇನ್ನ ರಾಣಿ ಪಾರ್ಟು ಈಕಿ ಮಾಡ್ತಾಳ. ನೀವು ದಾಸಿ ಪಾರ್ಟು ಮಾಡ್ರಿ. ಹಂಗ ಈಕಿಗೆ ಒಂದೀಟು ನಡಿಗಿ ಕಲಸ್ರಿ" ಅಂದರು ಮಾಲೀಕರು.

"ಹೆಂಗಸು ಹೆಂಗಸಿನ ಪಾರ್ಟು ಮಾಡೂದ್ರಾಗ ಹೆಚ್ಚುಗಾರಿಕಿ ಏನೈತ್ರಿ?" ಎಂದು ಕಾಕಾ ಕೂಗಾಡಿದರು. "ನಾಳೆ ಕಾಡಿನ ಸೀನಿಗೆ ಹುಲಿ ತರ್ರಿ, ಹುಲಿ ಪಾರ್ಟು ಹುಲೀನ ಮಾಡ್ಲಿ!"

ಟ್ರಂಕು ಎತ್ತಿಕೊಂಡು ಮನೆಗೆ ಬಂದುಬಿಟ್ಟರು. ದಾಸಿಯಂತೆ, ದಾಸಿ! ಆ ಶಬ್ದವನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಮನೆಯಲ್ಲಿ ಕೂತ ಗಂಡಸಿಗೆ ಮದುವೆ ಮಾಡದೆ ಬಿಡುತ್ತಾರೆಯೇ? ಯಲಬುರ್ಗಾದಲ್ಲಿ ಒಂದು ಹೆಣ್ಣು ಗೊತ್ತಾಯಿತು. ಅತ್ತೆಯ ಜೊತೆ ನಾನೂ ಹೋಗಿದ್ದೆ. ಹುಡುಗಿ ಬಂದು ಚಾಪೆಯ ಮೇಲೆ ಕೂತಳು. ಅಷ್ಟೇ! ಕಾಕಾ ತಲೆ ತಗ್ಗಿಸಿದರು. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದರು. ಧೋತರದ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ...

"ಏನರ ಕೇಳೂದಿದ್ರ ಕೇಳ್ರಿ" ಅಂದರು ಹುಡುಗಿಯ ಅಪ್ಪ. ಕಾಕಾ ಚುಂಗನ್ನು ಇನ್ನೊಂದು ಸುತ್ತು ಸುತ್ತಿದರು. ಕಡೆಗೆ ಹುಡುಗಿಯೇ ಕೇಳಿದಳು: "ನಿಮಗ ಅಡಿಗಿ ಬರತೈತೇನ್ರಿ?"

ಸಂಬಂಧ ಬೇಡವೆಂದು ಎರಡೇ ದಿನದಲ್ಲಿ ಸುದ್ದಿ ಬಂತು. "ಇಬ್ಬರೂ ನಾಚಗೊಂತ ಕುಂತ್ರ ಸಂಸಾರ ಯಾರು ಮಾಡಬೇಕ್ರಿ?" ಅಂದಿದ್ದಳಂತೆ ಹುಡುಗಿ. ಹಾಗೇಕೆ ಮಾಡಿದಿರೆಂದು ನಾನು ಕೇಳಿದ್ದಕ್ಕೆ ಕಾಕಾ ಪೆಚ್ಚಾಗಿ ನಕ್ಕರು. "ಏನ ಮಾಡಲವಾ? ಹೆಣ್ಣು ನೋಡೂ ಸೀನು ಅಂದ ಕೂಡ್ಲೆ ಈ ಮೈ ತನ್ನ ಜಾಗಕ್ಕ ತಾನ ಹೋಗಿಬಿಡತೈತಿ."

ಮುಂದಿನ ಬೇಸಿಗೆಯಲ್ಲಿ ಅದೇ ಕಂಪನಿ ಕೊಪ್ಪಳಕ್ಕೆ ಬಂತು. ನನಗೆ ನೋಡುವ ಆಸೆ. ಕಾಕಾ ಮೊದಲು ಒಲ್ಲೆ ಅಂದರು. ಆಮೇಲೆ, "ಆ ಹುಡುಗಿ ನನ್ನ ಪಾರ್ಟು ಎಷ್ಟು ಕೆಡಿಸ್ಯಾಳ ಅಂತ ನೋಡಾಕರ ಹೋಗೂಣು ನಡಿ" ಎಂದು ತಾವೇ ಮೊದಲು ಚಕ್ಕಡಿ ಹತ್ತಿದರು. ಭಾನಾಪುರದಲ್ಲಿ ರೈಲು ಹತ್ತಿ ನನ್ನ ಗಂಡ, ನಾನು, ಕಾಕಾ ಮೂವರೂ ಕೊಪ್ಪಳದಲ್ಲಿ ಇಳಿದೆವು. ಸ್ಟೇಷನ್ನಿನಲ್ಲಿ ಟಾಂಗಾದ ಸಾಹೇಬರು ಕಾದಿದ್ದರು. "ಆಯಿಯೇ ರಾಣಿ ಸಾಹೇಬಾ! ಎಷ್ಟು ದಿನಾ ಆತು ನಿಮ್ಮ ಮಾರಿ ನೋಡಿ!" ಎಂದು ಬಾಗಿ ಸಲಾಮು ಹೊಡೆದರು.

ದೀಪ ಹಚ್ಚುವ ಹೊತ್ತಿಗೆ ನಾಟಕ ಶುರುವಾಯಿತು. ಹೆಂಗಸರಿಗೂ ಗಂಡಸರಿಗೂ ನಡುವೆ ಒಂದು ಬಿದಿರು ಗಳ. ಗಳದ ಈಚೆ ನಾನು, ಆಚೆ ಕಾಕಾ. ರಾಣಿ ಬಂದಳು. ಇಪ್ಪತ್ತು ದಾಟದ ಹುಡುಗಿ.

"ಬಲಗಾಲು ಮೊದಲಿಡಬೇಕಿತ್ತು" ಅಂದರು ಕಾಕಾ. "ಕೈ ನೋಡು, ರೊಟ್ಟಿ ಬಡದಂಗ ಬೀಸ್ತಾಳ... ಅಯ್ಯ, ಆ ಮಾತು ನುಂಗಿದ್ಳು!"

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಸೀಟಿ ಹೊಡೆದ. ಇನ್ನೊಬ್ಬ ನಾನಿಲ್ಲಿ ಬರೆಯಲಾರದ ಒಂದು ಮಾತು ಕೂಗಿದ. ನಾಲ್ಕು ಜನ ನಕ್ಕರು. ಹುಡುಗಿಯ ಮಾತು ಅರ್ಧಕ್ಕೇ ನಿಂತಿತು. ಮತ್ತೆ ಶುರುಮಾಡಿದಳು. ಮತ್ತೆ ಕೂಗಿದರು. ಆಕೆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಳು.

ಕಾಕಾನ ಟೀಕೆ ನಿಂತುಹೋಗಿತ್ತು. ತಿರುಗಿ ನೋಡಿದೆ. ಬಿದಿರು ಗಳವನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಬಾಗಿದ್ದರು.

"ನನಗ ಯಾರೂ ಹಿಂಗ ಒದರಿದ್ದಿಲ್ಲ ನೋಡವಾ" ಅಂದರು ಮೆಲ್ಲಗೆ. "ಇಷ್ಟು ವರ್ಷದಾಗ ಒಂದ ದಿನಾನೂ ಇಲ್ಲ."

ಪರದೆ ಬಿತ್ತು. ಗಳದ ಆಚೆ ಅವರ ಜಾಗ ಖಾಲಿಯಾಗಿತ್ತು.

ಪರದೆ ಎದ್ದಾಗ ರಾಣಿಯ ಹಿಂದೆ ಒಬ್ಬ ದಾಸಿ ನಿಂತಿದ್ದಳು. ಅವಸರದಲ್ಲಿ ಬಳಿದ ಬಣ್ಣ, ಹೊಟ್ಟೆಯ ಮೇಲೆ ನಿಲ್ಲದ ನಿರಿಗೆ, ಗದ್ದದ ಮೇಲೆ ಎರಡು ದಿನದ ಗಡ್ಡ! "ಹಳೇ ರಾಣಿ ಬಂದ್ಳಪೋ!" ಎಂದು ಯಾರೋ ಕೂಗಿದರು. ಥಿಯೇಟರು ಗೊಳ್ಳೆಂದಿತು. ಮುಂದಿನ ಸಾಲಿನವನು ಮತ್ತೆ ಸೀಟಿ ಹೊಡೆದ. ದಾಸಿ ಕೈಯನ್ನು ಹಣೆಗೆ ಅಡ್ಡ ಹಿಡಿದು ಅವನ ಕಡೆಗೇ ನೋಡಿ, ನಾಟಕದಲ್ಲಿ ಇಲ್ಲದ ಒಂದು ಮಾತು ಆಡಿದಳು:

"ಮಹಾರಾಣಿಯವರ, ಅರಮನಿ ಒಳಗ ನರಿ ಹೊಕ್ಕಂಗೈತಿ. ಬಾಗಲಾ ತಗೀತೀನ್ರಿ, ಪಾಪ, ಅಡವ್ಯಾಗ ತನ್ನ ಮಂದೀನ ಹೋಗಿ ಕೂಡ್ಲಿ!"

ಇಡೀ ಥಿಯೇಟರು ಅವನ ಕಡೆ ತಿರುಗಿ ನಕ್ಕಿತು. ಅವನು ಎದ್ದು ಹೋದನೋ, ಕೂತಲ್ಲೇ ಕರಗಿದನೋ, ಮತ್ತೆ ದನಿ ಕೇಳಲಿಲ್ಲ.

ಹುಡುಗಿ ಮಾತು ಮುಂದುವರಿಸಿದಳು. ದನಿ ಮೊದಲು ನಡುಗಿತು, ಆಮೇಲೆ ನಿಂತಿತು, ಆಮೇಲೆ ಏರಿತು. ಕಾಡಿಗೆ ಹೊರಡುವ ಸೀನಿನಲ್ಲಿ ಆಕೆ ಅತ್ತಾಗ ನನ್ನ ಸುತ್ತಲಿನ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ದಾಸಿ ನಾಟಕ ಮುಗಿಯುವವರೆಗೂ ಒಂದು ಹೆಜ್ಜೆ ಹಿಂದೆ ಬೆಳಕು ಬೀಳದ ಕಡೆ ನಿಂತೇ ಇದ್ದಳು.

ಆಟ ಮುಗಿದ ಮೇಲೆ ನಾವು ಒಳಗೆ ಹೋದೆವು. ಹುಡುಗಿ ಪೆಟ್ಟಿಗೆಯ ಮೇಲೆ ಕೂತಿದ್ದಳು. ಕಾಕಾ ಸೀರೆಯಲ್ಲೇ ಆಕೆಯ ಎದುರು ಕುಕ್ಕರಗಾಲಲ್ಲಿ ಕೂತು ನೀರಿನ ತಂಬಿಗೆ ಹಿಡಿದಿದ್ದರು.

"ಕಾಡಿಗೆ ಹೋಗೂ ಸೀನು ನಿಂದು ಭಾಳ ಛಲೋ ಆತು ನೋಡವಾ" ಅನ್ನುತ್ತಿದ್ದರು. "ನನಗ ಅಷ್ಟು ಬರತಿದ್ದಿಲ್ಲ."

"ನಡೀರಿ ಕಾಕಾ, ಟಾಂಗಾ ಕಾಯಾಕತ್ತೈತಿ" ಅಂದರು ನನ್ನ ಗಂಡ.

ಕಾಕಾ ತಂಬಿಗೆಯನ್ನು ಹುಡುಗಿಯ ಕೈಗೆ ಕೊಟ್ಟರು. ಹುಡುಗಿ ನೀರು ಕುಡಿದು ಮುಗಿಸುವವರೆಗೆ ಕಾದು, ತಂಬಿಗೆಯನ್ನು ಇಸಿದುಕೊಂಡು ಕೆಳಗಿಟ್ಟರು.

"ನೀವು ಹೋಗ್ರಪಾ. ನಾಳೆ ಮತ್ತ ನಾಟಕ ಐತಿ. ಕೂಸು ಒಬ್ಬಾಕಿನ ಅದಾಳ."