ಮಾವನವರ ಸೈಕಲ್ಲಿಗೆ ಸಮುದ್ರಸ್ನಾನ

ಸೈಕಲ್ ಹೊಡೆಯುವುದರಲ್ಲಿ ಹಾನಗಲ್ಲಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಆಗ ತಿಳಿದಿದ್ದೆ. ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ; ಊರಲ್ಲಿ ಸೈಕಲ್ಲುಗಳೇ ಬೆರಳೆಣಿಕೆಯಷ್ಟಿದ್ದುದರಿಂದ ನನ್ನ ಈ ತಿಳುವಳಿಕೆಗೆ ಯಾರೂ ಅಡ್ಡ ಬರಲಿಲ್ಲ. ಹೀಗಾಗಿ, ಗೋಕರ್ಣದ ಸಮುದ್ರದಂಡೆಗುಂಟ ಒಂದು ದಿನ ಸೈಕಲ್ ಸವಾರಿ ಮಾಡಿಯೇ ತೀರುವೆನೆಂದು ನನ್ನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಘೋಷಿಸಿದೆ. ಕೊರತೆ ಒಂದೇ. ನನ್ನ ಹತ್ತಿರ ಸೈಕಲ್ ಇರಲಿಲ್ಲ!

ಸವಣೂರಿನ ನನ್ನ ಮಾವ ಚನ್ನಬಸಪ್ಪನವರ ಹತ್ತಿರ ಇತ್ತು. ಅವರು ಅದನ್ನು ಸೈಕಲ್ ಎಂದು ತಿಳಿದಿರಲಿಲ್ಲ, ಮನೆಯ ಮೂರನೆಯ ಎತ್ತು ಎಂದು ತಿಳಿದಿದ್ದರು. ಸೋಮವಾರ ಎತ್ತು ಹೂಡಬಾರದಲ್ಲವೇ? ಸೋಮವಾರ ಸೈಕಲ್ಲನ್ನೂ ಹತ್ತುತ್ತಿರಲಿಲ್ಲ. ಆದರೆ ಅಳಿಯ ಬಾಯಿಬಿಟ್ಟು ಕೇಳಿದಾಗ ಇಲ್ಲವೆನ್ನುವ ರೂಢಿ ಆ ಮನೆಯಲ್ಲಿಲ್ಲ. ಕೊಟ್ಟರು. ಕೊಡುವಾಗ ಅದರ ಸೀಟು ಸವರಿದರು.

"ದಿನಾ ಮೈ ತೊಳೀರಿ ಅಳಿಯದೇವ್ರ. ಕೆಸರು ಹತ್ತಿದ್ರ ಹಂಗ ಬಿಡಬ್ಯಾಡ್ರಿ. ಕಾರಹುಣ್ಣಿವಿಗೆ ಮಗಳನ್ನ ಕರ್ಕೊಂಡು ಹೋಗಾಕ ಬರ್ತೇನಿ, ಆವಾಗ ಇದನ್ನೂ ಒಯ್ತೇನಿ."

ಹೆಂಡತಿ ಗಂಗವ್ವನಿಗೆ ಈ ಯೋಜನೆ ಸ್ವಲ್ಪವೂ ಸೇರಲಿಲ್ಲ.

"ನೀರು ನೋಡೂದಾದ್ರ ಇಲ್ಲೇ ಆನಿಕೆರಿ ಐತಲ್ರಿ. ಅಪ್ಪನ ಸೈಕಲ್ಲಿಗೆ ಏನಾರ ಆತಂದ್ರ ನಾ ತವರಮನಿಗೆ ಯಾವ ಮಾರಿ ಇಟ್ಕೊಂಡು ಹೋಗ್ಲಿ? ನಮ್ಮ ವೈನಿ ಬಾಯಿ ನಿಮಗ ಗೊತ್ತಿಲ್ಲ!"

"ಕೂದಲೂ ಕೊಂಕದಂಗ ತರ್ತೇನಿ" ಎಂದೆ.

ಸೈಕಲ್ಲನ್ನು ಸರ್ವಿಸ್ ಮೋಟಾರಿನ ಟಾಪಿನ ಮೇಲೆ ಕಟ್ಟಿಸಿ, ಶಿರಸಿಯ ಮೇಲೆ ಹಾದು, ಘಟ್ಟ ಇಳಿದು ಕುಮಟೆಗೆ ಬಂದೆ. ಮರುದಿನ ಬೆಳಿಗ್ಗೆ ಸವಾರಿ ಹೊರಟಿತು. ರೋಹಿಣಿ ಮಳೆಯ ದಿನಗಳು. ಅಲ್ಲಿಯ ಆಕಾಶಕ್ಕೆ ಒಂದು ಮಾತು ಎಂಬುದೇ ಇಲ್ಲ! ಕೊಡೆ ಬಿಚ್ಚಿದರೆ ಬಿಸಿಲು, ಮಡಚಿದರೆ ಮಳೆ. ಕಡೆಗೆ ಸಿಟ್ಟು ಬಂದು, ಕೊಡೆಯನ್ನು ಬಿಚ್ಚಿಯೇ ಹಿಡಿದು, ಒಂದೇ ಕೈಯಲ್ಲಿ ಸೈಕಲ್ ಹೊಡೆದೆ. ಎಲ್ಲಿಂದಲೋ ಒಂದು ಗಾಳಿ ಬಂತು. ಕೊಡೆ ಸಮುದ್ರದ ಕಡೆಗೆ ಹೋಯಿತು, ನಾನು ಗಟಾರದ ಕಡೆಗೆ ಹೋದೆ. ಕೊಡೆ ಮತ್ತೆ ಸಿಗಲಿಲ್ಲ.

ಅಘನಾಶಿನಿಯನ್ನು ದೋಣಿಯಲ್ಲಿ ದಾಟಿ ಗೋಕರ್ಣದ ದಂಡೆ ಮುಟ್ಟಿದೆ. ಉಸುಕಿಗೆ ಇಳಿದ ಕೂಡಲೇ ಗಾಲಿ ಅರ್ಧ ಹೂತುಹೋಯಿತು. ತುಳಿದೆ. ಅಲುಗಾಡಲಿಲ್ಲ. ಇಳಿದು ನೂಕಿದೆ, ಎಳೆದೆ, ಬೈದೆ. ಕೊನೆಗೆ ಹೆಗಲ ಮೇಲೆ ಹೊತ್ತುಕೊಂಡೆ. ನನ್ನ ಮಹಾ ಸಮುದ್ರಯಾನದ ಹೆಚ್ಚಿನ ಭಾಗದಲ್ಲಿ ಹೀಗೆ ಸೈಕಲ್ಲೇ ನನ್ನ ಮೇಲೆ ಸವಾರಿ ಮಾಡಿತು. ಎದುರಿಗೆ ಬಂದ ಮೀನುಬುಟ್ಟಿಯ ಹೆಂಗಸು ದಾರಿ ಬಿಟ್ಟು ನಿಂತು, ಬಾಯಿಗೆ ಸೆರಗು ಹಿಡಿದು ನಕ್ಕಳು.

ಗಟಾರದ ಕೆಸರೆಲ್ಲ ಸೈಕಲ್ಲಿಗೆ ಮೆತ್ತಿತ್ತು. ಮಾವನವರ ಆಜ್ಞೆ ನೆನಪಾಯಿತು. ಎದುರಿಗೆ ಇಷ್ಟೊಂದು ನೀರಿರುವಾಗ ಚಿಂತೆಯೇನು? ಮೊಣಕಾಲುದ್ದ ನೀರಿಗೆ ಇಳಿಸಿ, ಎತ್ತಿನ ಮೈ ತೊಳೆದ ಹಾಗೆ ತೊಳೆದೆ. ನನ್ನ ಅಂಗಡಿಯಲ್ಲಿ ಉಪ್ಪು ಹಾಕಿಟ್ಟ ತಗಡಿನ ಡಬ್ಬಿಗಳು ತೂತು ಬಿದ್ದು ಹೋಗಿ, ಉಪ್ಪನ್ನು ಗಡಿಗೆಯಲ್ಲಿ ಇಡಲು ಸುರುಮಾಡಿ ವರ್ಷಗಳಾಗಿದ್ದವು. ಆದರೂ ತಲೆಗೆ ಹೊಳೆಯಲಿಲ್ಲ. ಏನು ತಲೆಯೋ!

ತೊಳೆದ ಸೈಕಲ್ಲನ್ನು ನೀರಿನ ಅಂಚಿನಲ್ಲೇ ಒಣಗಲು ಮಲಗಿಸಿ, ಮೇಲೆ ತೆಂಗಿನ ಮರದ ಬುಡದಲ್ಲಿ ರೊಟ್ಟಿ ಗಂಟು ಬಿಚ್ಚಿದೆ. ನಮ್ಮ ಆನಿಕೆರೆ ಇದ್ದಲ್ಲೇ ಇರುವ ಕೆರೆ. ಅದರ ನೀರು ಮೇಲೇರಬೇಕಾದರೆ ಒಂದು ಮಳೆಗಾಲ ಬೇಕು. ದಂಡೆಯಲ್ಲಿ ಅರಿವೆ ಹಾಕಿ ಊಟಕ್ಕೆ ಕುಳಿತರೆ, ಎದ್ದಾಗ ಅರಿವೆ ಅಲ್ಲೇ ಇರುತ್ತದೆ. ಸಮುದ್ರವೂ ಹಾಗೆಯೇ ಮರ್ಯಾದಸ್ಥ ಎಂದುಕೊಂಡೆ. ಅಷ್ಟರಲ್ಲಿ ಮತ್ತೆ ಮಳೆ ಹೊಡೆಯಿತು. ಒಂದು ಗುಡಿಸಲಿನ ಸೂರಿನ ಕೆಳಗೆ ಓಡಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿದೆ. ಎದ್ದು ನೋಡುತ್ತೇನೆ, ಸೈಕಲ್ ಇಲ್ಲ!

ಸೈಕಲ್ ಇಟ್ಟ ಜಾಗವೇ ಇಲ್ಲ! ತೆರೆಗಳು ತೆಂಗಿನ ಮರದ ಹತ್ತಿರ ಬಂದು ನಿಂತಿದ್ದವು. "ಅಯ್ಯಯ್ಯೋ, ಸಮುದ್ರ ಸೈಕಲ್ ನುಂಗ್ತೋ! ಓಡಿ ಬರ್ರೆಪೋ!" ಎಂದು ಬಾಯಿ ಬಾಯಿ ಬಡಿದುಕೊಂಡೆ. ಗಂಗವ್ವನ ಮೋರೆ ಕಣ್ಣಮುಂದೆ ಬಂತು. ನಿಜವಾಗಿಯೂ ಅತ್ತೆ. ಗುಡಿಸಲಿನಿಂದ ಹೊರಬಂದವಳು ಅದೇ ಮೀನುಬುಟ್ಟಿಯ ಹೆಂಗಸು.

"ಎಂತಕ್ಕೆ ಬೊಬ್ಬೆ ಹಾಕ್ತ್ರಿ? ನೀರು ಇಳೀತದೆ, ಕೂತ್ಕಣಿ."

"ಯಾವಾಗ ಇಳಿತೈತಬೇ? ದೀಪಾವಳಿಗೋ?"

ಸಂಜೆಯ ಹೊತ್ತಿಗೆ ಇಳಿಯಿತು. ಮೊದಲು ಹ್ಯಾಂಡಲ್ ಕಂಡಿತು, ಆಮೇಲೆ ಸೀಟು. ಓಡಿಹೋಗಿ ತಬ್ಬಿಕೊಂಡೆ. ಆದರೆ ಚೈನು, ಪೆಡಲು, ಗಂಟೆ ಎಲ್ಲದರಲ್ಲೂ ಉಸುಕು. ಏನು ಮಾಡಿದೆನೆಂದು ಕೇಳುತ್ತೀರಾ? ಮತ್ತೆ ತೊಳೆದೆ. ಅದೇ ನೀರಿನಲ್ಲಿ!

ಊರಿಗೆ ತಂದು, ನಾಜೂಕಾಗಿ ಗೋಣಿತಾಟು ಸುತ್ತಿ ಪಡಸಾಲೆಯಲ್ಲಿ ನಿಲ್ಲಿಸಿದೆ. ಕೂದಲೂ ಕೊಂಕಿಲ್ಲ ಎಂದು ಗಂಗವ್ವನಿಗೆ ಹೇಳಿದೆ. ಅವಳು ನಂಬಿ, ಅಂದು ನನಗೆ ಹೋಳಿಗೆ ಮಾಡಿ ಹಾಕಿದಳು.

ಕಾರಹುಣ್ಣಿಮೆಯ ಮುನ್ನಾದಿನ ಮಾವನವರು ಚಕ್ಕಡಿ ಹೂಡಿಕೊಂಡು ಬಂದರು. ಬಂದವರೇ ಗೋಣಿತಾಟು ಬಿಚ್ಚಿದರು. ಒಳಗಿನಿಂದ ಕೆಮ್ಮಣ್ಣು ಬಳಿದಂಥ ಯಾವುದೋ ಒಂದು ವಸ್ತು ಹೊರಬಂತು. ನೂಕಿದರೆ ಗಾಲಿ ತಿರುಗಲಿಲ್ಲ. ಗಂಟೆ ಒತ್ತಿದರೆ ಗಂಟೆಯೇ ಕೈಗೆ ಬಂತು. ಗಂಗವ್ವ ನನ್ನ ಕಡೆ ನೋಡಿದಳು. ನಾನು ತಲೆಯೆತ್ತಿ ಜಂತಿ ನೋಡಿದೆ.

"ಎಲ್ಲಿ ತೊಳದ್ರಿ?" ಮಾವನವರು ಮೆಲ್ಲಗೆ ಕೇಳಿದರು.

"ಸಮುದ್ರದಾಗ್ರಿ."

ನಮ್ಮಲ್ಲಿ ಅಳಿಯನನ್ನು ಬೈಯುವಂತಿಲ್ಲ. ಏನೇ ಮಾಡಿದರೂ ಅವನಿಗೆ "ರಿ" ಹಚ್ಚಿಯೇ ಮಾತಾಡಬೇಕು. ಮಾವನವರು ಹಲ್ಲು ಕಚ್ಚಿದರು, ಕೆಮ್ಮಿದರು, ರುಮಾಲು ಬಿಚ್ಚಿ ಮತ್ತೆ ಸುತ್ತಿದರು. ಆಮೇಲೆ ಸೈಕಲ್ಲನ್ನು ಓಣಿಯ ನಡುವೆ ತಂದು ನಿಲ್ಲಿಸಿ, ಅದಕ್ಕೆ ಬೆರಳು ತೋರಿಸಿ ಸುರುಮಾಡಿದರು.

"ಏನಲೇ ಮಬ್ಬ! ಕ್ವಾಣ ಬೆಳದಂಗ ಬೆಳದೀ, ಕೆರಿ ಯಾವುದು ಸಮುದ್ರ ಯಾವುದು ತಿಳೀಲಿಲ್ಲ? ಉಪ್ಪಿನ ನೀರಿಗೆ ಯಾರರ ಇಳೀತಾರೇನಲೇ? ತಲಿಯೊಳಗ ಏನ್ ತುಂಬೇತಿ, ಹೊಟ್ಟು?"

ಓಣಿಯ ಮಂದಿಯೆಲ್ಲ ಕಟ್ಟೆಗೆ ಬಂದು ನಿಂತರು. ಮಾವನವರಿಗೆ ಇನ್ನಷ್ಟು ಹುರುಪು ಏರಿತು.

"ನಿನ್ನ ಮಾರಿ ನೋಡಿ ಶಾಣ್ಯಾ ಅಂತ ತಿಳಕೊಂಡೆ. ಬಂಗಾರದಂಥಾ ನನ್ನ ಮಗಳನ್ನ ನಿನಗ ಕೊಟ್ಟೆನಲ್ಲಲೇ!"

ಎದುರುಮನೆಯ ದರ್ಜಿ ಇಮಾಮಸಾಬ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದ. ಮಾವನವರು ನಾಲಿಗೆ ಕಚ್ಚಿಕೊಂಡರು. ಸೈಕಲ್ಲನ್ನು ಚಕ್ಕಡಿಯಲ್ಲಿ ಮಲಗಿಸಿ, ನನ್ನ ಕಡೆ ತಿರುಗಿ ಕೈಮುಗಿದರು.

"ತಾವೂ ಬರ್ರಿ ಅಳಿಯದೇವ್ರ, ಹಬ್ಬಕ್ಕ."

"ಅಂಗಡಿ ಐತ್ರಿ ಮಾವಾರ" ಎಂದೆ, ನೆಲ ನೋಡುತ್ತ.

ಗಂಗವ್ವ ಚಕ್ಕಡಿ ಹತ್ತಿ ಕುಳಿತು, ಸೆರಗು ಸರಿಮಾಡಿಕೊಂಡಳು.

"ಹೌದ್ರಿ, ಅಂಗಡ್ಯಾಗ ಕುಂದರ್ರಿ. ನಾ ಬರೂತನಾ ಏನೂ ತೊಳಿಯಾಕ ಹೋಗಬ್ಯಾಡ್ರಿ."

ಹೋಗಿ ಕುಳಿತೆ.