ಕಮಿಟಿಯವರು ಉಳಿಸಿದ ಗಿಡ

ಹೈದರಾಬಾದನ್ನು ಹಸಿರು ಸ್ಮಾರ್ಟ್ ನಗರ ಮಾಡುವ ಕಮಿಟಿಗೆ, ಸಸ್ಯಶಾಸ್ತ್ರದ ಮೇಷ್ಟರೆಂದು ನನ್ನನ್ನೂ ಸೇರಿಸಿಕೊಂಡರು. ಅಂದಿನಿಂದ ಒಂದಲ್ಲ ಒಂದು ನಡೆಯುತ್ತಲೇ ಇದೆ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

೧. ಪಾಲು

ತಾರ್ನಾಕದ ನಮ್ಮ ರಸ್ತೆಯಲ್ಲಿ ದೊಡ್ಡ ಬೇವಿನ ಮರವಿತ್ತು. ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಹೆಂಗಸರು ಮಧ್ಯಾಹ್ನ ಅದರಡಿ ಕೂತು ರೊಟ್ಟಿ ತಿನ್ನುತ್ತಿದ್ದರು. ಬಿಸಿಲಿಗೆ ಅವರಿಗಿದ್ದ ಆಸರೆ ಅದೊಂದೇ. ಹೊಸ ನಕ್ಷೆಯಲ್ಲಿ ಆ ಜಾಗಕ್ಕೆ ಬಿಸಿಲು, ಗಾಳಿ ಅಳೆದು ಹೇಳುವ ಸ್ಮಾರ್ಟ್ ಕಂಬ ಬಂದಿತ್ತು.

"ಸರ, ಈ ಗಿಡ ಒಂದ್ ಉಳಸ್ರಿ" ಎಂದಳು ಅವರಲ್ಲಿ ಹಿರಿಯಳು. ಮಾತು ಕೊಟ್ಟೆ.

ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಬೇರು ಪೈಪಿಗೆ ಅಡ್ಡ ಎಂದರು ನೀರಿನ ಎಂಜಿನಿಯರು. ಬುಡ ಸೈಕಲ್ ದಾರಿಗೆ ಅಡ್ಡ ಎಂದರು ಸಾರಿಗೆ ತಜ್ಞರು. ಕೊಂಬೆ ಸೋಲಾರಿಗೆ ಅಡ್ಡ ಎಂದರು ಕರೆಂಟಿನವರು.

"ಮತ್ತೆ ನೆರಳು ಯಾರ ಪಾಲಿಗೆ?" ಎಂದೆ.

ಅಧ್ಯಕ್ಷರು ಸುತ್ತಲೂ ನೋಡಿ ಹೇಳಿದರು: "ನೆರಳಿನ ವಿಷಯದವರು ಇವತ್ತು ಬಂದಿಲ್ಲ."

೨. ಕಂಬ

ಅಂಥದೇ ಕಂಬವನ್ನು ಹಿಮಾಯತ್‌ನಗರದಲ್ಲಿ ಆಗಲೇ ಮರ ಕಡಿದು ನಿಲ್ಲಿಸಿದ್ದರು. ಬಿಸಿಲು ಏರಿದಾಗ ಅದು, "ದಯವಿಟ್ಟು ನೆರಳಿಗೆ ಹೋಗಿ" ಎಂದು ಕೂಗುತ್ತಿತ್ತು. ಎದುರಿನ ಅಂಗಡಿಯವನು ರೇಗಿ ಕಂಬವನ್ನೇ ಕೇಳಿದ: "ಕಾಂ ಜಾನಾ ಮಿಯಾ?" ಎಲ್ಲಿಗೆ ಹೋಗಬೇಕೆಂದು ಅದಕ್ಕೂ ಗೊತ್ತಿರಲಿಲ್ಲ.

ಆಮೇಲೆ ಬಿಸಿಲು ತಾಳದೆ ಕಂಬವೇ ಕೆಟ್ಟಿತು. ಕೂಡಲೇ ಅದರ ತಲೆಗೆ ತಗಡಿನ ಚಪ್ಪರ ಮಂಜೂರಾಯಿತು.

೩. ಗಿಡ

ಕಮಿಟಿಯ ವಾಸ್ತುಶಿಲ್ಪಿ ಮೈಸೂರು ಕಡೆಯವರು, ಕನ್ನಡದವರೇ ಎಂದು ತಿಳಿದಾಗ ಹೋದ ಜೀವ ಬಂದಂತಾಯಿತು. ಫೋನ್ ಮಾಡಿ, "ಏನರ ಮಾಡಿ ನಮ್ಮ ಬೇವಿನ ಗಿಡ ಒಂದು ಉಳಸ್ರಿ" ಎಂದು ಬೇಡಿಕೊಂಡೆ.

"ಅಯ್ಯೋ, ಗಿಡ ತಾನೇ ಸಾರ್? ಉಳಿಸೋಣ ಬಿಡಿ!"

ಖುಷಿಯಿಂದ ಹೆಂಗಸರಿಗೆಲ್ಲ ಪೇಡೆ ಹಂಚಿದೆ. ನಮ್ಮ ಉತ್ತರ ಕರ್ನಾಟಕದ ಕಡೆ ಮುಗಿಲು ಮುಟ್ಟುವ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ಅವರ ಕಡೆ ಗಿಡವೆಂದರೆ ಮೊಳಕಾಲೆತ್ತರದ್ದು. ಅದು ನನಗೆ ಹೊಳೆಯಲೇ ಇಲ್ಲ.

ಮುಂದಿನ ವಾರ ಊರಿಗೆ ಹೋಗಿ ಬಂದು ನೋಡಿದರೆ ಮರವಿದ್ದಲ್ಲಿ ಕಂಬ. ಪಕ್ಕದಲ್ಲೊಂದು ಸಿಮೆಂಟಿನ ಕುಂಡ, ಅದರಲ್ಲಿ ಗೇಣುದ್ದದ ಬೇವಿನ ಸಸಿ. ನಡುರಸ್ತೆಯಲ್ಲೇ ಕಣ್ಣು ತುಂಬಿ ಬಂತು.

ಆ ಹಿರಿಯಳು ಸುಡುವ ಬಿಸಿಲಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಳು. ಬೈಯುತ್ತಾಳೆಂದುಕೊಂಡೆ. ಅವಳು ಸಸಿಯನ್ನು ನೋಡಿ, ನನ್ನನ್ನು ನೋಡಿ, "ಪಾಪ, ಬಾಡಾಕತ್ತೈತ್ರಿ. ಜರಾ ಈ ಕಡೆ ಸರದು ನಿಂದರ್ರಿ ಸರ, ನಿಮ್ಮ ನೆರಳರ ಇದರ ಮ್ಯಾಲ ಬೀಳ್ಲಿ" ಎಂದಳು.

ಸರಿದು ನಿಂತೆ. ನೆರಳಿನ ವಿಷಯದವರು ಕೊನೆಗೂ ಬಂದಿದ್ದರು.